ಚೀಟಿಯನ್ನು ಗಟ್ಟಿಯಾಗಿ ಓದಬೇಡಿ

ಹೋದ ವರ್ಷ ಇಂಟರ್ನ್‌ಶಿಪ್ ವೀಕ್ಷಣೆಗೆ ಹೋಗಿದ್ದಾಗ ನಡೆದ ಪ್ರಸಂಗವಿದು. ಶಾಲೆಯ ಹೆಸರು ಬೇಡ, ತಾಲ್ಲೂಕಿನ ಹೆಸರೂ ಬೇಡ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕರಲ್ಲಿ ಎಲ್ಲಿ ಬೇಕಾದರೂ ನಡೆಯಬಹುದಾಗಿತ್ತು.

9ನೇ ತರಗತಿ, ಬಿಸಿಯೂಟದ ನಂತರದ ಮೊದಲ ಅವಧಿ, ಸಮಾಜ ವಿಜ್ಞಾನ. ನಮ್ಮ ಪ್ರಶಿಕ್ಷಣಾರ್ಥಿ ಬೋರ್ಡಿನ ಮೇಲೆ ನಕ್ಷೆ ಬರೆಯುತ್ತಿದ್ದಾಗ ಹುಡುಗರ ಸಾಲಿನಿಂದ ಹುಡುಗಿಯರ ಸಾಲಿಗೆ ಒಂದು ಚೀಟಿ ಹೋಯಿತು. ಆಕೆ ಹಿಡಿದಳು. ಬಿಡಿಸಿ ನೋಡಿದರೆ ಲಿಪಿ ಕನ್ನಡ, ಆದರೆ ಮಾತು ಅರ್ಥವಾಗದು: “ರೇಪು ಬಸ್ಟಾಂಡ್ ದಗ್ಗರ ಉಂಟಾ, ರಾ.” ಆಕೆ ಉತ್ತರ ಕರ್ನಾಟಕದಿಂದ ಬಂದವಳು, ತೆಲುಗು ಬಾರದು. ಮೊದಲ ಪದ ನೋಡಿಯೇ ಕೈ ನಡುಗಿತಂತೆ. “ಏನಿದು? ಯಾರು ಬರೆದದ್ದು?” ಎಂದು ಇಡೀ ತರಗತಿಯ ಮುಂದೆ ಗಟ್ಟಿಯಾಗಿ ಓದಿದಳು. ತರಗತಿ ಘೊಳ್ಳೆಂದು ನಕ್ಕಿತು.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ನಮ್ಮ ಕಡೆ ಬಹಳ. ಅವರು ತೆಲುಗನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ‘ರೇಪು’ ಎಂದರೆ ನಾಳೆ. ‘ನಾಳೆ ಬಸ್‌ಸ್ಟ್ಯಾಂಡ್ ಹತ್ತಿರ ಇರುತ್ತೇನೆ, ಬಾ.’ ಅಷ್ಟೇ.

ಆಕೆ ಮುಖ್ಯೋಪಾಧ್ಯಾಯರ ಕೊಠಡಿಗೆ ಓಡಿದಳು. ಅವರು ಮೀಟಿಂಗಿಗೆ ಹೋಗಿದ್ದರು. ಇನ್‌ಚಾರ್ಜ್ ಇದ್ದವರು ಆಕೆಯ ಗಾಬರಿ ನೋಡಿ, ಚೀಟಿ ಓದುವ ಮೊದಲೇ ಹುಡುಗಿಯ ಮನೆಗೆ ಫೋನ್ ಮಾಡಿಬಿಟ್ಟರು. ಆಮೇಲೆ ಚೀಟಿ ಓದಿದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಸುಳ್ಳೇಕೆ, ನಾನೂ ನಕ್ಕೆ. ಸಂಜೆ ಹುಡುಗಿಯ ಚಿಕ್ಕಪ್ಪ ಬಂದು ಒಂದೂ ಮಾತಾಡದೆ ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋದರು. ಹುಡುಗ ಮರುದಿನ ಬೆಳಗಿನ ಪ್ರಾರ್ಥನೆಗೇ ಬಂದಿದ್ದ. ಹುಡುಗಿ ಹನ್ನೊಂದು ದಿನ ಬರಲಿಲ್ಲ. ಆ ಚೀಟಿ ಅವಳಿಗೆ ಬೇಕಿತ್ತೋ ಬೇಡವಾಗಿತ್ತೋ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಇದನ್ನು ಯಾರಿಗಾದರೂ ಹೇಳಿದರೆ “ಒಳ್ಳೇ ಕಾಮಿಡಿ ಸೀರಿಯಲ್ ಇದ್ದಂಗಿದೆ ಮೇಡಂ” ಎನ್ನುತ್ತಾರೆ. ನಿಜ. ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ ನೋಡಿ ಬೆಳೆದ ತಲೆಮಾರು ಈಗ ನಮ್ಮ ಬಿ.ಇಡಿ. ತರಗತಿಗಳಲ್ಲಿದೆ. ತೆಲುಗು ಮನೆಗಳವರು ಜೆಮಿನಿಯ ‘ಅಮೃತಂ’ ಸಹ ನೋಡಿದ್ದಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆಯಾಗಿ ಕೇಳುವುದು, ಅದರಿಂದ ಮನೆಯೆಲ್ಲ ರಂಪವಾಗುವುದು, ಹಾಸ್ಯ ಧಾರಾವಾಹಿ ನಡೆಯುವುದೇ ಹೀಗೆ. ಆದರೆ ಅಲ್ಲಿ ಅರ್ಧ ಗಂಟೆ ಮುಗಿಯುವಾಗ ಎಲ್ಲರೂ ಮತ್ತೆ ಅದೇ ಸೋಫಾದ ಮೇಲೆ ಕೂತಿರುತ್ತಾರೆ. ನಾಳಿನ ಕಂತಿಗೆ ನಿನ್ನೆಯ ರಂಪ ನೆನಪಿರುವುದಿಲ್ಲ. ನಮ್ಮ ಊರುಗಳಿಗೆ ಆ ಮರೆವಿಲ್ಲ. 9ನೇ ತರಗತಿಯ ಹುಡುಗಿಯ ಬಗ್ಗೆ ಶಾಲೆಯಿಂದ ಹೋದ ಒಂದು ಫೋನು, ಅವಳು ಪಿಯುಸಿಗೆ ಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವ ದಿನ ಮತ್ತೆ ಎದ್ದು ಬರುತ್ತದೆ. ಇನ್ನೊಂದು ಕಡೆ ‘ಚೆಲುವಿನ ಚಿತ್ತಾರ’ದಂಥ ಸಿನಿಮಾ ಇದೆ. 2007ರ ಆ ಚಿತ್ರದಲ್ಲಿ ಶಾಲೆಗೆ ಹೋಗುವ ಹುಡುಗಿ, ಮೆಕ್ಯಾನಿಕ್ ಹುಡುಗ, ಕೊನೆಗೆ ಹುಡುಗಿಯ ಮನೆಯವರ ಕ್ರೌರ್ಯ. ಒಂದೋ ನಗು, ಇಲ್ಲವೇ ರಕ್ತ. ಇವೆರಡರ ನಡುವೆ ದೊಡ್ಡವರು ಹೇಗಿರಬಹುದು ಎಂದು ತೋರಿಸಿದ್ದು ಪರದೆಯ ಮೇಲೆ ಕಡಿಮೆ.

ನಾನು ಕಂಡದ್ದರಲ್ಲಿ ಒಂದು ಅಮೆರಿಕದ ‘ದಿ ವಂಡರ್ ಇಯರ್ಸ್’. 1988ರಿಂದ 1993ರವರೆಗೆ ಬಂದ, ಮೊದಲ ವರ್ಷವೇ ಅತ್ಯುತ್ತಮ ಹಾಸ್ಯ ಧಾರಾವಾಹಿ ಎಂದು ಎಮ್ಮಿ ಪ್ರಶಸ್ತಿ ಪಡೆದದ್ದು. 1988ರ ಜನವರಿ 31ರಂದು ಬಂದ ಮೊದಲ ಕಂತನ್ನು ನಮ್ಮ ಪ್ರಶಿಕ್ಷಣಾರ್ಥಿಗಳೆಲ್ಲ ನೋಡಬೇಕೆಂಬುದು ನನ್ನ ಆಸೆ. ಕಥೆ ನಡೆಯುವುದು 1968ರಲ್ಲಿ. ಕೆವಿನ್ ಎಂಬ ಹನ್ನೆರಡು ವರ್ಷದ ಹುಡುಗ, ಪಕ್ಕದ ಮನೆಯ ವಿನ್ನಿ, ಹೊಸ ಶಾಲೆ. ಊಟದ ಹಾಲಿನಲ್ಲಿ ಅಣ್ಣ ವೇಯ್ನ್ ಬಂದು ವಿನ್ನಿಯ ಎದುರಿಗೇ ತಮ್ಮನನ್ನು ರೇಗಿಸುತ್ತಾನೆ. ಅವಮಾನ ತಡೆಯದೆ ಕೆವಿನ್ ನನಗೆ ಅವಳು ಬೇಡವೇ ಬೇಡ ಎಂಬಂತೆ ಕೂಗಾಡಿ, ಕೈಯಲ್ಲಿದ್ದ ಸೇಬನ್ನು ಎಸೆಯುತ್ತಾನೆ. ಶಾಲೆಯವರು ತಂದೆತಾಯಿಯನ್ನು ಕರೆಸುತ್ತಾರೆ. ಅಪ್ಪ ಜ್ಯಾಕ್ ಮಾತು ಕಡಿಮೆಯ, ಕೆಲಸದಿಂದ ದಣಿದು ಬರುವ ಮನುಷ್ಯ. ಮನೆಗೆ ಹೋದಮೇಲೆ ಏಟು ಖಚಿತ ಎಂದು ನಾವೂ ಕಾಯುತ್ತೇವೆ. ಮನೆ ಮುಟ್ಟಿದಾಗ ಗೊತ್ತಾಗುತ್ತದೆ, ವಿನ್ನಿಯ ಅಣ್ಣ ವಿಯೆಟ್ನಾಂ ಯುದ್ಧದಲ್ಲಿ ಸತ್ತಿದ್ದಾನೆ. ಅಪ್ಪ ಹೊಡೆಯುವುದಿಲ್ಲ. ಮಗನ ಹೆಗಲ ಮೇಲೆ ಕೈಯಿಡುತ್ತಾನೆ.

ಈ ಕಂತಿನಲ್ಲಿ ಎರಡು ಸಂಗತಿ ನೋಡಬೇಕು. ಹಿನ್ನೆಲೆಯಲ್ಲಿ ರೆಕಾರ್ಡ್ ಮಾಡಿದ ನಗು ಇಲ್ಲ. ಎಲ್ಲಿ ನಗಬೇಕೆಂದು ಯಾರೂ ನಮಗೆ ಹೇಳಿಕೊಡುವುದಿಲ್ಲ. ಎರಡನೆಯದು, ಕಥೆ ಹೇಳುವ ದನಿ ಬೆಳೆದು ದೊಡ್ಡವನಾದ ಕೆವಿನ್‌ನದು. ಆ ವಯಸ್ಸಿನ ತನ್ನನ್ನು ನೋಡಿ ಅವನು ನಗುತ್ತಾನೆ, ಹಂಗಿಸುವುದಿಲ್ಲ.

ನಮ್ಮ ತರಗತಿಯಲ್ಲಿ ಹಿನ್ನೆಲೆಯ ನಗುವನ್ನು ಹಾಕುವವರು ಶಿಕ್ಷಕರೇ. ಚೀಟಿಯನ್ನು ಗಟ್ಟಿಯಾಗಿ ಓದಿದ ಕ್ಷಣ ನಲವತ್ತು ಮಕ್ಕಳಿಗೆ ನಗಲು ಅಪ್ಪಣೆ ಸಿಕ್ಕಿತು. ವೇಯ್ನ್ ಮಾಡಿದ ಕೆಲಸವನ್ನು ನಾವು ಮೇಜಿನ ಹಿಂದೆ ನಿಂತು ಮಾಡಿದೆವು. ಬೈದರೆ ಮಗು ಒಂದು ದಿನ ಅಳುತ್ತದೆ. ಹೀಗೆ ನಕ್ಕರೆ ಆ ಹೆಸರು ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೂ ಅಂಟಿಕೊಂಡಿರುತ್ತದೆ.

ನಮ್ಮ ಪಠ್ಯಕ್ರಮ ಇದಕ್ಕೆ ಎಷ್ಟು ಸಿದ್ಧಮಾಡುತ್ತದೆ? ‘ಬಾಲ್ಯ ಮತ್ತು ಬೆಳವಣಿಗೆ’ ಪತ್ರಿಕೆಯಲ್ಲಿ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಹದಿಹರೆಯವನ್ನು ಬಿರುಗಾಳಿ ಮತ್ತು ಒತ್ತಡದ ಕಾಲ ಎಂದದ್ದನ್ನು ಎಲ್ಲರೂ ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ‘ಲಿಂಗತ್ವ, ಶಾಲೆ ಮತ್ತು ಸಮಾಜ’ ಎಂಬ ಪತ್ರಿಕೆಯೂ ಇದೆ. ಎರಡು ವರ್ಷದ ಕೋರ್ಸಿನಲ್ಲಿ ಇಪ್ಪತ್ತು ವಾರ ಶಾಲಾನುಭವ ಎಂದು ಎನ್‌ಸಿಟಿಇ 2014ರಲ್ಲೇ ನಿಗದಿಮಾಡಿದೆ. ಆದರೆ ವೀಕ್ಷಣಾ ನಮೂನೆಯಲ್ಲಿ ನಾನು ತುಂಬುವುದು ಪೀಠಿಕೆ ಹೇಗಿತ್ತು, ಬೋರ್ಡ್ ಬಳಕೆ ಹೇಗಿತ್ತು, ಕಲಿಕೋಪಕರಣ ಇತ್ತೇ ಎಂಬುದನ್ನು. ಆ ದಿನ ಆಕೆಯ ನಕ್ಷೆಗೆ ನಾನು ಒಳ್ಳೆಯ ಅಂಕ ಕೊಟ್ಟಿದ್ದೆ. ತಪ್ಪು ಆಕೆಯದಕ್ಕಿಂತ ಹೆಚ್ಚು ನನ್ನದು.

ಆಕೆಯ ಗಾಬರಿಗೂ ಕಾರಣವಿತ್ತು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ಅಪರಾಧ ಗೊತ್ತಾದರೂ ವರದಿ ಮಾಡದವರು ಶಿಕ್ಷೆಗೆ ಗುರಿಯಾಗುತ್ತಾರೆ. ಇದನ್ನು ನಾವು ಹೇಳಿಕೊಟ್ಟಿದ್ದೆವು. ಚೀಟಿ ಬರೆಯುವುದು ಅಂಥ ಅಪರಾಧವಲ್ಲ ಎಂಬುದನ್ನು ಹೇಳಿರಲಿಲ್ಲ. 18 ವರ್ಷದೊಳಗಿನವರೊಂದಿಗೆ ಲೈಂಗಿಕ ಸಂಪರ್ಕ ನಡೆದರೆ ಒಪ್ಪಿಗೆಯಿದ್ದರೂ ಅಪರಾಧವೇ. ಅಲ್ಲಿ ಸುಮ್ಮನಿರುವಂತಿಲ್ಲ, 1098ಕ್ಕೋ ಪೊಲೀಸರಿಗೋ ತಿಳಿಸಲೇಬೇಕು. ಮನೆಯಲ್ಲಿ ತರಾತುರಿಯ ಮದುವೆಯ ಮಾತು ಕೇಳಿಬಂದರೂ ಅಷ್ಟೇ. ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎನ್ನುವ ತಿದ್ದುಪಡಿಯನ್ನು ಕರ್ನಾಟಕ ತಂದಿದೆ. 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ, 9ನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ತಿಳಿವಳಿಕೆ ಕೊಡಬೇಕೆಂದು ಶಿಕ್ಷಣ ಇಲಾಖೆಗೆ ಸೂಚಿಸಿತು. ಮಕ್ಕಳಿಗೆ ಹೇಳಬೇಕಾದವರಿಗೇ ಯಾವುದು ಅಪರಾಧ, ಯಾವುದು ಬರೀ ವಯಸ್ಸು ಎಂಬ ಗೆರೆ ಗೊತ್ತಿರದಿದ್ದರೆ ಹೇಗೆ?

ಮನೆಯವರನ್ನು ದೂರುವುದು ಸುಲಭ. ಆ ಹುಡುಗಿಯ ಅಪ್ಪ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೂಲಿ. ಕೆಲಸದ ಮಧ್ಯೆ ಶಾಲೆಯಿಂದ ಫೋನು ಬಂದು “ನಿಮ್ಮ ಹುಡುಗಿ ವಿಷಯ, ತಕ್ಷಣ ಬನ್ನಿ” ಎಂದರೆ ಆತ ಏನೆಂದುಕೊಳ್ಳಬೇಕು? ಜ್ಯಾಕ್‌ಗೆ ಮಗನ ಹೆಗಲ ಮೇಲೆ ಕೈಯಿಡಲು ಒಂದು ಸಾವಿನ ಸುದ್ದಿ ಬೇಕಾಯಿತು. ಈತನಿಗೆ ನಾವು ಕೊಟ್ಟದ್ದು ಬರೀ ಭಯ. ಹನ್ನೆರಡನೆಯ ದಿನ ಹುಡುಗಿಯನ್ನು ವಾಪಸು ಕರೆತಂದದ್ದು ಅಲ್ಲಿನ ಕನ್ನಡ ಮೇಡಂ. ಎರಡು ಸಂಜೆ ಮನೆಗೆ ಹೋಗಿ, ಅಪ್ಪನ ಹತ್ತಿರ ಅಲ್ಲ, ಅಜ್ಜಿಯ ಹತ್ತಿರ ಜಗಲಿಯ ಮೇಲೆ ಕೂತು ತೆಲುಗಿನಲ್ಲೇ ಮಾತಾಡಿದರಂತೆ. ಚೀಟಿಯ ವಿಷಯ ಮೊದಲ ಸಂಜೆ ಎತ್ತಲೇ ಇಲ್ಲವಂತೆ. ಹುಡುಗಿ ಗಣಿತದಲ್ಲಿ ಚುರುಕು ಎಂದು ಮಾತ್ರ ಹೇಳಿ ಬಂದರಂತೆ. ಅವರು ಎಂ.ಇಡಿ. ಮಾಡಿದವರಲ್ಲ.

ಹಾಗಾಗಿ ನನ್ನ ಸಹೋದ್ಯೋಗಿಗಳಲ್ಲಿ ಒಂದು ಬೇಡಿಕೆ. ಘಟನಾ ಅಧ್ಯಯನ ಎಂದು ಪ್ರತಿ ವರ್ಷ ‘ನಿಧಾನ ಕಲಿಕೆಯ ಮಗು’ವನ್ನೇ ಬರೆಸುತ್ತೇವೆ, ಅದನ್ನೇ ಒಬ್ಬರದನ್ನು ನೋಡಿ ಒಬ್ಬರು ಬರೆಯುತ್ತಾರೆ. ಅದರ ಬದಲು ಸೂಕ್ಷ್ಮ ಬೋಧನೆಯಲ್ಲಿ ಒಂದು ಆವರ್ತನವನ್ನು ಇದಕ್ಕೆ ಕೊಡೋಣ. ಒಬ್ಬರು ಚೀಟಿ ಹಿಡಿದ ಶಿಕ್ಷಕಿ, ಒಬ್ಬರು ಹುಡುಗಿ, ಒಬ್ಬರು ಫೋನಿನ ಆ ಕಡೆಯ ಅಪ್ಪ. ಚೀಟಿಯನ್ನು ಓದದೆ ಮಡಚಿ ಪುಸ್ತಕದಲ್ಲಿಟ್ಟು ಪಾಠ ಮುಂದುವರಿಸುವುದನ್ನು ಅಭ್ಯಾಸ ಮಾಡಿಸೋಣ. ಕೇಳಲು ಸುಲಭ, ಮಾಡಿ ನೋಡಿ. ನಾನು ಪ್ರಯತ್ನಿಸಿದ ಬ್ಯಾಚಿನಲ್ಲಿ ಆರು ಜನರಲ್ಲಿ ನಾಲ್ವರು ಬಿಡಿಸಿ ಓದಿಯೇಬಿಟ್ಟರು.

ಈ ಸಲ ಇಂಟರ್ನ್‌ಶಿಪ್‌ಗೆ ಹೊರಟವರಲ್ಲಿ ತೆಲುಗು ಬಾರದವರು ಒಂಬತ್ತು ಜನ. ಕೇಳಿದರೆ ಕನ್ನಡದಂತಿದ್ದು ಅರ್ಥ ಬೇರೆಯಿರುವ ಪದಗಳ ಒಂದು ಪಟ್ಟಿ ಮಾಡಿ ಅವರಿಗೆ ಕೊಟ್ಟಿದ್ದೇನೆ. ಅಡುಗು ಎಂದರೆ ಕೇಳು, ಪಂಪು ಎಂದರೆ ಕಳಿಸು, ರೇಪು ಎಂದರೆ ನಾಳೆ.