ಜಗಲಿಯವರೆಗಿನ ಗೆಳೆತನ

ಶನಿವಾರ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಓದಿದ ಹುಡುಗರ ಮುಖ ಕರಾವಳಿಯ ಕಡೆ ತಿರುಗುತ್ತದೆ. ಆಗುಂಬೆ ಘಾಟಿ ಇಳಿದರೆ ಉಡುಪಿ. ಕೃಷ್ಣಮಠ, ರಥಬೀದಿ, ಮಲ್ಪೆ ಕಡಲು, ಪುರುಸೊತ್ತಿದ್ದರೆ ಸೇಂಟ್ ಮೇರೀಸ್ ದ್ವೀಪ. ರಾತ್ರಿ ಯಾರಾದರೂ ಗೆಳೆಯನ ಮನೆ, ಭಾನುವಾರ ಸಂಜೆ ವಾಪಸ್. ಶಾಲೆಯ ಮೇಷ್ಟ್ರೂ ಮಕ್ಕಳನ್ನು ಇದೇ ದಾರಿಯಲ್ಲಿ ಕರೆದೊಯ್ಯುತ್ತಾರೆ. ಐತಿಹಾಸಿಕ ನಗರ ನೋಡಿ ಬಂದೆವು ಅಂತ ಪ್ರಬಂಧ ಬರೆಸುತ್ತಾರೆ.

ಕಡಲು ನೋಡುವುದಕ್ಕೆ ನನ್ನ ತಕರಾರಿಲ್ಲ. ಕಡಲು ಯಾರಪ್ಪನ ಆಸ್ತಿಯೂ ಅಲ್ಲ. ನನ್ನ ಪ್ರಶ್ನೆ ಎರಡೇ. ನಾವು ನೋಡಿ ಬಂದ ಇತಿಹಾಸ ಯಾರದು? ನಾವು ಹೋದ ಮನೆಯಲ್ಲಿ ನಮ್ಮನ್ನು ಎಲ್ಲಿ ಕೂರಿಸಿದರು?

ಘಟ್ಟ ಇಳಿಯುವುದು ನಮ್ಮ ಸೀಮೆಗೆ ಹೊಸದಲ್ಲ. ಕೆಳದಿಯ ಅರಸರು ಇಕ್ಕೇರಿ, ಬಿದನೂರುಗಳಲ್ಲಿ ಕೂತೇ ಕರಾವಳಿಯನ್ನು ಆಳಿದರು. ಶಿವಪ್ಪನಾಯಕನ ಕಾಲಕ್ಕೆ ಬಸರೂರು, ಮಂಗಳೂರು, ಹೊನ್ನಾವರದ ಕೋಟೆಗಳು ಪೋರ್ಚುಗೀಸರ ಕೈಯಿಂದ ಬಿದನೂರಿನ ಕೈಗೆ ಬಂದವು. ಘಟ್ಟದ ಮೆಣಸು ಇಳಿಯಿತು, ಅಕ್ಕಿ ಹಡಗು ಹತ್ತಿತು. ಶಿವಪ್ಪನಾಯಕನ ಶಿಸ್ತು ನಮಗೆ ಬಾಯಿಪಾಠ. ಗದ್ದೆ ಉತ್ತವನು, ಮೆಣಸು ಕೊಯ್ದವಳು, ಹೇರು ಹೊತ್ತವನು ಯಾವ ಪಾಠದಲ್ಲಿದ್ದಾರೆ?

1498ರಲ್ಲಿ ವಾಸ್ಕೋ ಡ ಗಾಮ ಮಲ್ಪೆಯ ಆ ದ್ವೀಪದಲ್ಲಿ ಕಾಲಿಟ್ಟನಂತೆ. ಎಲ್ಲರೂ ಹೇಳುತ್ತಾರೆ, ನಾವೂ ಕೇಳಿ ಬರುತ್ತೇವೆ. ಅದೇ ಕರಾವಳಿಯಲ್ಲಿ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ‘ಅಜಲು’ ಪದ್ಧತಿಯಿತ್ತು. ಅದನ್ನು ನಿಷೇಧಿಸಲು ರಾಜ್ಯ ಸರ್ಕಾರ ಕಾನೂನು ತಂದದ್ದು 2000ದಲ್ಲಿ. ವಾಸ್ಕೋ ಬಂದು ಐನೂರು ವರ್ಷ ಕಳೆದ ಮೇಲೆ! ಇದನ್ನು ಯಾವ ಪ್ರವಾಸಿ ಪುಸ್ತಕ ಹೇಳುತ್ತದೆ?

ಮಠಕ್ಕೆ ಹೋದವರೆಲ್ಲ ಕನಕನ ಕಿಂಡಿಯ ಮುಂದೆ ಕೈ ಮುಗಿಯುತ್ತಾರೆ. ಹೊರಗೆ ನಿಂತ ಕನಕದಾಸರಿಗಾಗಿ ದೇವರು ಪಶ್ಚಿಮಕ್ಕೆ ತಿರುಗಿದನಂತೆ, ಗೋಡೆ ಬಿರುಕು ಬಿಟ್ಟಿತಂತೆ. ಕಥೆ ಚೆನ್ನಾಗಿದೆ. ದೇವರು ತಿರುಗಿದ, ಗೋಡೆಯೂ ಬಿರಿಯಿತು, ಬಾಗಿಲು ಕಾಯುವವರು ಮಾತ್ರ ಬಾಗಿಲು ತೆಗೆಯಲಿಲ್ಲ! ತೆಗೆಯದ ಬಾಗಿಲಿನ ನಾಚಿಕೆಯನ್ನು ಕಿಂಡಿಯ ಮಹಿಮೆಯಾಗಿ ತಿರುಗಿಸಿದ್ದಾರಲ್ಲ, ಪುರೋಹಿತಶಾಹಿಯ ಜಾಣತನ ಅಂದರೆ ಅದು.

2016ರ ಅಕ್ಟೋಬರಿನಲ್ಲಿ ‘ಚಲೋ ಉಡುಪಿ’ ಜಾಥಾ ಬೆಂಗಳೂರಿನಿಂದ ಹೊರಟು 9ರಂದು ಉಡುಪಿ ಮುಟ್ಟಿತು. ಉಣ್ಣುವ ಅನ್ನದ ಹಕ್ಕು, ಉಳುವ ಭೂಮಿಯ ಹಕ್ಕು ಕೇಳಿತು. ಅದು ಹೋದ ಮೇಲೆ ಊರಿನಲ್ಲಿ ‘ಶುದ್ಧೀಕರಣ’ದ ಮಾತೆದ್ದಿತು. ಕಾಸು ಬಿಚ್ಚುವ ಪ್ರವಾಸಿಗಳಾಗಿ ಬಂದರೆ ನಾವು ಅತಿಥಿಗಳು. ಹಕ್ಕು ಕೇಳಿಕೊಂಡು ಬಂದರೆ ಮೈಲಿಗೆ!

ಇನ್ನು ಗೆಳೆಯನ ಮನೆ. ಸಂವಿಧಾನದ 17ನೇ ವಿಧಿ ಇದೆ, 1955ರ ಕಾಯ್ದೆ ಇದೆ. ಕಾನೂನು ದೇವಸ್ಥಾನದ ಬಾಗಿಲು ತೆಗೆಸಬಲ್ಲದು. ಗೆಳೆಯನ ಅಡುಗೆಮನೆ ಬಾಗಿಲು ತೆಗೆಸುವ ಕಾನೂನು ಎಲ್ಲಿದೆ? ಹಾಸ್ಟೆಲಿನಲ್ಲಿ ಒಂದೇ ತಟ್ಟೆಗೆ ಕೈ ಹಾಕಿದವನು ಮನೆಗೆ ಕರೆದು, ‘ಜಗಲೀಲಿ ಗಾಳಿ ಚೆನ್ನಾಗಿ ಬರ್ತದೆ ಮಾರಾಯ, ಇಲ್ಲೇ ಕೂತ್ಕ’ ಅಂತಾನೆ. ಆ ಗಾಳಿ ನನಗೂ ಬೀಸಿದೆ. ಉಳಿದವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ, ನನಗೆ ಪೇಪರ್ ಲೋಟ. ನನ್ನಜ್ಜನಿಗೆ ಅಡಿಕೆ ತೋಟದ ಒಡೆಯರ ಹಿತ್ತಿಲಲ್ಲಿ ತೆಂಗಿನ ಕರಟಕ್ಕೆ ಹೊಯ್ಯುತ್ತಿದ್ದರು. ಅಜ್ಜ ಅದನ್ನು ತೊಳೆದು ಬೇಲಿ ಸಂದಿಯಲ್ಲಿ ಇಟ್ಟು ಬರಬೇಕಿತ್ತು. ನನ್ನ ಲೋಟ ತೊಳೆಯುವ ಹಾಗಿಲ್ಲ, ಬಿಸಾಕಿದರಾಯ್ತು. ಮೂರು ತಲೆಮಾರಿನಲ್ಲಿ, ಒಂದು ಬಿ.ಎ. ಡಿಗ್ರಿ ಬಂದ ಮೇಲೆ, ಆದ ಪ್ರಗತಿ ಇಷ್ಟು.

‘ನಾನು ಜಾತಿ ನಂಬಲ್ಲ ಕಣೋ, ಅಮ್ಮ ಹಳೇ ಕಾಲದೋರು’ ಅಂತಾನೆ ಗೆಳೆಯ. ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುವ ಕ್ರಾಂತಿ ಎಂಥದ್ದು? ನಮ್ಮ ಅವ್ವಂದಿರೂ ಹಳೇ ಕಾಲದವರೇ. ಆ ಹಳೇ ಕಾಲವನ್ನು ಬೆನ್ನ ಮೇಲೆ ಹೊತ್ತವರು. ‘ನೀವು ಎಲ್ಲದರಲ್ಲೂ ಜಾತಿ ಹುಡುಕ್ತೀರಿ’ ಎಂದೂ ಅನ್ನುತ್ತಾರೆ. ನಾವು ಹುಡುಕಿಕೊಂಡು ಹೋಗುವುದಿಲ್ಲ ಸ್ವಾಮಿ, ಅದೇ ಲೋಟ ಹಿಡಿದುಕೊಂಡು ಎದುರು ಬಂದು ನಿಲ್ಲುತ್ತದೆ.

ಅಮ್ಮನ ನೆಪ ಹೇಳದೆ ಜಗಲಿ ಇಳಿದವರೂ ಅದೇ ಕರಾವಳಿಯಲ್ಲಿದ್ದರು. ಉಡುಪಿಯಿಂದ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಮಂಗಳೂರು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾವ್ ಸಾರಸ್ವತ ಬ್ರಾಹ್ಮಣರು, ವಕೀಲರು. 1892ರಲ್ಲಿ ಅಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. 1928ರಲ್ಲಿ ತೀರಿಕೊಳ್ಳುವ ತನಕ ಅವರು ಕೇರಿ ಬಿಡಲಿಲ್ಲ. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ, ನಂದಿಗುಡ್ಡೆಯಲ್ಲಿ ಸಮಾಧಿ ಇದೆ. ನಮ್ಮ ಕಡೆಯ ಎಷ್ಟು ಶಾಲೆಗಳ ಬಸ್ಸು ಅಲ್ಲಿ ನಿಲ್ಲುತ್ತದೆ? ಹಾಗಂತ ಉದ್ಧಾರಕರ ಪಟಕ್ಕೆ ಹಾರ ಹಾಕಿ ಬನ್ನಿ ಅನ್ನುತ್ತಿಲ್ಲ. ಆ ಶಾಲೆಗೆ ಹೆದರಿಕೆ ದಾಟಿ ಸ್ಲೇಟು ಹಿಡಿದು ನಡೆದ ಕೇರಿಯ ಮಕ್ಕಳಿದ್ದರಲ್ಲ, ಇತಿಹಾಸ ಅವರದೂ ಹೌದು.

ಮೇಷ್ಟ್ರೆ, ಮುಂದಿನ ಪ್ರವಾಸದ ಪಟ್ಟಿ ನೀವೇ ಬದಲಿಸಿ. ಕಿಂಡಿ ತೋರಿಸಿದರೆ ಬಾಗಿಲಿನ ವಿಷಯವನ್ನೂ ಹೇಳಿ. ನಂದಿಗುಡ್ಡೆಗೂ ಕರೆದುಕೊಂಡು ಹೋಗಿ. ದಾರಿಯಲ್ಲಿ ಊಟಕ್ಕೆ ಕೂತಾಗ ಯಾವ ಮಗು ಬೇರೆ ಕೂತಿದೆ ನೋಡಿ.

ಗೆಳೆಯರೆ, ನೀವು ಕರೆದರೆ ನಾವು ಬರುತ್ತೇವೆ, ಖಂಡಿತ ಬರುತ್ತೇವೆ. ಆದರೆ ಜಗಲಿ ಗಾಳಿ ಕುಡಿಯುವುದಕ್ಕೆ ಅಲ್ಲ. ನಿಮ್ಮ ಅಡುಗೆಮನೆಯಲ್ಲಿ, ನಿಮ್ಮ ಪಕ್ಕದಲ್ಲಿ ಕೂತು ಉಣ್ಣುವುದಕ್ಕೆ. ಆಮೇಲೆ ನೀವೂ ಘಟ್ಟ ಹತ್ತಿ ನಮ್ಮ ಕೇರಿಗೆ ಬನ್ನಿ, ಅವ್ವ ಹಾಕಿದ್ದನ್ನು ಉಣ್ಣಿ. ಅಷ್ಟು ಆಗುವುದಿಲ್ಲ ಅಂದರೆ ಈಗಲೇ ಹೇಳಿಬಿಡಿ, ಬಸ್ ಚಾರ್ಜಾದರೂ ಉಳಿಯುತ್ತದೆ.