ಹೆಸರಿನ ಮುಂದಿನ ‘ಕೆ’

ಕಳೆದ ಭಾನುವಾರ ಬೆಳಿಗ್ಗೆ ಮೊಮ್ಮಗಳು ಚಾರ್ಟ್ ಪೇಪರ್ ಹಿಡಿದುಕೊಂಡು ಬಂದಳು. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರಂತೆ. ನನ್ನ ಹೆಸರು ಬರೆಯುತ್ತಾ ಪೆನ್ಸಿಲ್ ನಿಲ್ಲಿಸಿ ಕೇಳಿದಳು: “ಅಜ್ಜ, ನಿಮ್ಮ ಹೆಸರಿನ ಮುಂದೆ ‘ಕೆ’ ಅಂತ ಉಂಟಲ್ಲ, ಅದು ಏನು?”

“ಕುಮೇರು. ನಮ್ಮ ಮೂಲಮನೆಯ ಹೆಸರು.”

“ಕುಮೇರು ಅಂದರೆ?”

ಅದಕ್ಕೆ ಉತ್ತರ ಕೊಡಲು ಒಬ್ಬ ಸ್ಕಾಟ್ಲೆಂಡಿನ ಸಾಹೇಬನ ಕಥೆ ಹೇಳಬೇಕಾಯಿತು. ನೀವೂ ಕೇಳಿ.

ಆತ ಹ್ಯೂ ಕ್ಲೆಗ್‌ಹಾರ್ನ್. ಹುಟ್ಟಿದ್ದು 1820ರಲ್ಲಿ, ನಮ್ಮ ಮದರಾಸಿನಲ್ಲಿ. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ಎಳೆಯ ಪ್ರಾಯದಲ್ಲೇ ಮಗುವನ್ನು ಹಡಗು ಹತ್ತಿಸಿ ಸ್ಕಾಟ್ಲೆಂಡಿನ ಅಜ್ಜನ ಮನೆಗೆ ಕಳಿಸಿದರು. ಆ ಅಜ್ಜನ ಹೆಸರೂ ಹ್ಯೂ ಕ್ಲೆಗ್‌ಹಾರ್ನ್. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದಿಲ್ಲವೇ, ಹಾಗೆ.

ಅಜ್ಜ ಸಾಮಾನ್ಯ ಆಸಾಮಿಯಲ್ಲ. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕ. ಆಗ ಸಿಲೋನ್ ಡಚ್ಚರ ಕೈಯಲ್ಲಿತ್ತು. ಅಲ್ಲಿ ಕಾವಲಿದ್ದದ್ದು ದ ಮ್ಯೂರಾನ್ ಎಂಬ ಸ್ವಿಸ್ ಬಾಡಿಗೆ ಪಡೆ. 1795ರಲ್ಲಿ ಈ ಮೇಷ್ಟ್ರು ಸ್ವಿಟ್ಜರ್ಲೆಂಡಿಗೆ ಹೋಗಿ ಪಡೆಯ ಒಡೆಯನನ್ನೇ ಇಂಗ್ಲಿಷರ ಕಡೆಗೆ ಒಲಿಸಿಕೊಂಡ. ಕೊಲಂಬೋದ ಕೋಟೆಯೊಳಕ್ಕೆ ಗುಟ್ಟಿನ ಪತ್ರ ಹೋದದ್ದು ಚೀಸಿನ ಮುದ್ದೆಯೊಳಗೆ ಅಡಗಿ ಎಂದು ಕಥೆ ಹೇಳುತ್ತಾರೆ. ಅದೇ ಪಡೆ ಮುಂದೆ 1799ರಲ್ಲಿ ಟಿಪ್ಪುವಿನ ಮೇಲೆ ಶ್ರೀರಂಗಪಟ್ಟಣಕ್ಕೆ ಬಂತು. ಆ ಪಡೆಯವರ ಸಮಾಧಿಗಳು ಅಲ್ಲಿ ಕಾವೇರಿ ದಂಡೆಯ ಹತ್ತಿರ ಇಂದಿಗೂ ಇವೆ.

ಮೊಮ್ಮಗ ಎಡಿನ್‌ಬರೋದಲ್ಲಿ ಡಾಕ್ಟರಿಕೆ ಕಲಿತು 1842ರಲ್ಲಿ ಮದರಾಸಿಗೆ ಮರಳಿದ. ಕೆಲವು ವರ್ಷ ಶಿವಮೊಗ್ಗದಲ್ಲಿದ್ದ. ಗಿಡಮರಗಳ ಹುಚ್ಚು ಹತ್ತಿತು. ನಮ್ಮ ದೇಶದ ಚಿತ್ರಗಾರರಿಂದ ಗಿಡಗಳ ಚಿತ್ರ ಬರೆಸಿದ. ಅವು ಈಗಲೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. 1856ರಲ್ಲಿ ಆತ ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಯಾದ. ನಮ್ಮ ಕೆನರಾ ಜಿಲ್ಲೆಯೂ ಆಗ ಮದರಾಸಿಗೇ ಸೇರಿತ್ತು. ಹಡಗಿಗೆ ಮರ, ರೈಲು ಹಳಿಯಡಿಗೆ ಮರ ಎಂದು ಕಾಡು ಬರಿದಾಗುತ್ತಿದ್ದ ಕಾಲ. ಕಾಡು ಉಳಿಯಬೇಕು ಎಂದು ಆತ ಹೇಳಿದ್ದರಲ್ಲಿ ತಪ್ಪೇನಿಲ್ಲ.

ಆದರೆ ಆತನ ಕಣ್ಣು ‘ಕುಮರಿ’ಯ ಮೇಲೂ ಬಿತ್ತು. ಕುಮರಿ ಎಂದರೆ ಗುಡ್ಡದ ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಸುಟ್ಟು, ಮಳೆ ಬಿದ್ದಾಗ ಆ ಬೂದಿಯಲ್ಲಿ ರಾಗಿಯನ್ನೋ ಭತ್ತವನ್ನೋ ಬಿತ್ತುವುದು. ಒಂದೆರಡು ಬೆಳೆ ತೆಗೆದು ಬೇರೆ ಕಡೆ ಹೋಗುವುದು. ಸುಟ್ಟ ಜಾಗದಲ್ಲಿ ಮತ್ತೆ ಕಾಡು ಬೆಳೆಯುವವರೆಗೆ ಆ ಕಡೆ ತಲೆ ಹಾಕದಿರುವುದು. ಸ್ವಂತ ಗದ್ದೆಯಿಲ್ಲದವರ ಬೇಸಾಯ ಅದು. 1860ರಲ್ಲಿ ಸರ್ಕಾರಿ ಕಾಡಿನಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡಬಾರದೆಂದು ಮದರಾಸು ಸರ್ಕಾರ ನಿಲ್ಲಿಸಿತು. ಕಾಡು ಉಳಿಸಲು ಹೊರಟವರು ಹಲವರ ಅನ್ನದ ಬಟ್ಟಲನ್ನೂ ಎತ್ತಿಟ್ಟರು.

ಆ ಕುಮರಿಯೇ ನಮ್ಮ ತುಳುವಿನ ಕುಮೇರು.

ಕ್ಲೆಗ್‌ಹಾರ್ನ್ 1895ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಆಸ್ತಿ ಅಕ್ಕತಂಗಿಯ ಮಗನಿಗೆ ಹೋಯಿತು. ಅಳಿಯಕಟ್ಟಿನ ತುಳುನಾಡಿನವರಿಗೆ ಇದೇನು ಹೊಸತಲ್ಲ! ಅಳಿಯನೂ ಹೆಸರು ಮಾಡಿದ. 1918ರ ಚುನಾವಣೆಯಲ್ಲಿ ಮಾಜಿ ಪ್ರಧಾನಿ ಆಸ್ಕ್ವಿತ್‌ರನ್ನೇ ಸೋಲಿಸಿದ.

“ಅಜ್ಜ, ಅವರದ್ದು ನಾಲ್ಕು ತಲೆಮಾರು ಆಯಿತು. ನಮ್ಮದು?” ಎಂದಳು ಮೊಮ್ಮಗಳು.

ನನ್ನದು, ನನ್ನ ಅಪ್ಪ, ಅಜ್ಜ. ಅಲ್ಲಿಗೆ ನಿಂತೆ. ಕುಮೇರು ಮನೆ ಸುಳ್ಯದಾಚೆ ಘಟ್ಟದ ಬುಡದಲ್ಲಿತ್ತು. ಅಪ್ಪನ ಸೋದರತ್ತೆಗೆ ಎಲ್ಲ ಗೊತ್ತಿತ್ತು. ಗುಡ್ಡ ಕಡಿದವರು ಯಾರು, ಕೆಳಗಿಳಿದು ಗದ್ದೆ ಗೇಣಿಗೆ ಹಿಡಿದವರು ಯಾರು, ಎಲ್ಲ. ನಾನು ಊರಿಗೆ ಹೋದಾಗಲೆಲ್ಲ “ಕೂತುಕೋ ಮಗಾ, ಹೇಳುತ್ತೇನೆ” ಎನ್ನುತ್ತಿದ್ದರು. ನನಗೆ ಬಸ್ಸಿನ ಅವಸರ, ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕದ ಅವಸರ. “ಮುಂದಿನ ಸಲ, ಅತ್ತೆ” ಎಂದು ಏಳುತ್ತಿದ್ದೆ. ಮುಂದಿನ ಸಲ ಹೋದದ್ದು ಅವರ ಬೊಜ್ಜಕ್ಕೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮೂವತ್ತೈದು ವರ್ಷ ಕೌಂಟರಿನಲ್ಲಿ ಕೂತು ನಾನು ಖಾತೆ ತೆರೆದೆ. ಲೆಡ್ಜರಿನಲ್ಲಿ ಹೆಸರಿಗಿದ್ದದ್ದು ಸಣ್ಣ ಜಾಗ. ಹಳ್ಳಿಯಿಂದ ಬಂದವರು ಮನೆಯ ಹೆಸರನ್ನು ಪೂರ್ತಿ ಹೇಳಿದರೆ, “ಇಷ್ಟುದ್ದ ಬೇಡ, ಇನಿಶಿಯಲ್ ಸಾಕು” ಎಂದು ಒಂದೇ ಅಕ್ಷರ ಬರೆಯುತ್ತಿದ್ದೆ. ಎಷ್ಟು ಮನೆಗಳು ನನ್ನ ಪೆನ್ನಿನ ತುದಿಯಲ್ಲಿ ಒಂದಕ್ಷರವಾದವೋ! ನನ್ನದೂ ಸೇರಿ.

ಮೊಮ್ಮಗಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ರಬ್ಬರ್ ತೆಗೆದು ಚಾರ್ಟಿನಲ್ಲಿದ್ದ ‘ಕೆ’ಯನ್ನು ಅಳಿಸಿ, ಜಾಗ ಸಾಲದ್ದಕ್ಕೆ ಅಕ್ಷರ ಚಿಕ್ಕದು ಮಾಡಿ, ‘ಕುಮೇರು’ ಎಂದು ಬರೆದಳು. ಅಜ್ಜನ ಮೇಲಿನ ಖಾಲಿ ಜಾಗದಲ್ಲಿ ಒಂದು ಗುಡ್ಡದ ಚಿತ್ರ ಬಿಡಿಸಿದಳು.

ಮಕ್ಕಳೇ, ನಿಮ್ಮ ಮನೆಯಲ್ಲಿ “ಕೂತುಕೋ, ಹೇಳುತ್ತೇನೆ” ಎನ್ನುವವರು ಇದ್ದರೆ ಈ ಭಾನುವಾರವೇ ಕೂತುಕೊಳ್ಳಿ. ಜೊತೆಗೆ ಒಂದು ನೋಟ್‌ಬುಕ್ ಇರಲಿ.