ಹಳೆಯ ಧ್ವನಿಯಂತ್ರ ಕಳಚುವ ಮುನ್ನ

‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವುದು, ಒತ್ತಿದ ಅಂಕಿಯನ್ನು ಗುರುತಿಸುವುದು, ಖಾತೆಯಲ್ಲಿ ಉಳಿದ ಹಣ ಎಷ್ಟೆಂದು ಓದಿ ಹೇಳುವುದು, ಇವಕ್ಕೆಂದೇ ದೂರವಾಣಿ ಜಾಲದಲ್ಲಿ ಪ್ರತ್ಯೇಕ ಯಂತ್ರಗಳಿರುತ್ತವೆ. ಇಂಟೆಲಿಜೆಂಟ್ ಪೆರಿಫೆರಲ್ ಎಂಬ ಹಳೆಯ ಪೀಳಿಗೆಯ ಯಂತ್ರವನ್ನು ತೆಗೆದು ಮೀಡಿಯಾ ಸರ್ವರ್ ಕೂರಿಸಬೇಕೇ ಎಂಬ ಪ್ರಶ್ನೆಗೆ ಎಂಜಿನಿಯರುಗಳಲ್ಲಿ ಎರಡು ಉತ್ತರಗಳಿವೆ.

ಬದಲಿಸಿ ಎನ್ನುವವರ ವಾದ ಗಟ್ಟಿಯಾದದ್ದು. ಹಳೆಯದಕ್ಕೆ ಕರೆ ತಲುಪುವುದು ಇ1 ಎಂಬ ಹಳೆಯ ಬಗೆಯ ಲೈನಿನಲ್ಲಿ. ಒಂದು ಲೈನಿಗೆ ಸಾಮಾನ್ಯವಾಗಿ 30 ಕರೆ. ಹಬ್ಬದ ದಿನ 31ನೆಯವನು ಬಂದರೆ ಇನ್ನೊಂದು ಲೈನು, ಇನ್ನೊಂದು ಕಾರ್ಡು ಬೇಕು. ಆ ಕಾರ್ಡಿನ ತಯಾರಿಕೆಯೇ ನಿಂತಿದ್ದರೆ ಗುಜರಿಯಲ್ಲಿ ಹುಡುಕಬೇಕು. 4ಜಿ ಫೋನಿನ ವೋಲ್ಟಿ (VoLTE) ಕರೆ ಹುಟ್ಟುವುದೇ ಇಂಟರ್ನೆಟ್ ಮಾದರಿಯ ಐಪಿ ಜಾಲದಲ್ಲಿ. ಅದನ್ನು ಇ1ಗೆ ಇಳಿಸಿ ಮತ್ತೆ ಐಪಿಗೆ ಏರಿಸುವುದು ಶುದ್ಧ ದಂಡ. ಮೀಡಿಯಾ ಸರ್ವರ್ ಬರೀ ತಂತ್ರಾಂಶ, ಸಾಮಾನ್ಯ ಕಂಪ್ಯೂಟರಿನ ಮೇಲೆ ಓಡುತ್ತದೆ. ವಾಯ್ಸ್‌ಎಕ್ಸ್‌ಎಂಎಲ್ ಎಂಬ ಸಂಕೇತಭಾಷೆ ಬಲ್ಲವರು ಹೊಸ ಮೆನುವನ್ನು ಜಾಲಪುಟದಂತೆಯೇ ಬರೆಯಬಹುದು.

ಎದುರು ವಾದದ ಜೀವಾಳ ಸಣ್ಣದೊಂದು ಸದ್ದಿನಲ್ಲಿದೆ. ಐದನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ಹಳೆಯ 64 ಕಿಲೋಬಿಟ್ ದಾರಿಯಲ್ಲಿ ಅವು ಕೆಡದೆ ತಲುಪುತ್ತಿದ್ದವು. ಆದರೆ ಐಪಿ ದಾರಿಯಲ್ಲಿ ಧ್ವನಿಯನ್ನು ಹಿಂಡುವ ಜಿ.729ರಂಥ ಕೋಡೆಕ್ ಮನುಷ್ಯನ ಮಾತಿಗಾಗಿ ಹೆಣೆದದ್ದು. ಹಿಂಡಿ ಕಿರಿದುಮಾಡುವಾಗ ಈ ಸ್ವರಗಳನ್ನು ಕೆಡಿಸುತ್ತದೆ. ಹಾಗಾಗಿ ಅಂಕಿಯನ್ನು ಬೇರೆ ಪ್ಯಾಕೆಟ್ಟಿನಲ್ಲಿ ಕಳಿಸುವ ಪದ್ಧತಿ ಬಂತು. ಎರಡು ತುದಿಯ ಉಪಕರಣಗಳಿಗೆ ಇದರಲ್ಲಿ ಹೊಂದಾಣಿಕೆಯಾಗದಿದ್ದರೆ ಒಂದು ಅಂಕಿ ಎರಡಾಗುತ್ತದೆ, ಇಲ್ಲವೇ ದಾಖಲಾಗುವುದೇ ಇಲ್ಲ. ಕಣ್ಣು ಕಾಣದವರು, ಕೀಪ್ಯಾಡ್ ಫೋನಿನ ಅಜ್ಜಿ ಹದಿನಾರು ಅಂಕಿ ಒತ್ತಿ ಮುಗಿಸಿದ ಮೇಲೆ ‘ತಪ್ಪು ಸಂಖ್ಯೆ’ ಎಂದು ಕೇಳಬೇಕಾಗುವುದು ನನಗೆ ಸಣ್ಣ ತೊಂದರೆಯಾಗಿ ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ ಇದರ ನೆಂಟ ಸಮಸ್ಯೆಯೇ ದೊಡ್ಡದಾಯಿತು. ವೃದ್ಧರ ಮನೆಯ ತುರ್ತು ಗುಂಡಿಯ ಸಾಧನಗಳು ಸ್ವರಸಂಕೇತವನ್ನೂ ಹಳೆಯ ತಾಮ್ರದ ತಂತಿಯನ್ನೂ ನೆಚ್ಚಿದ್ದವು. ಡಿಜಿಟಲ್ ಲೈನಿಗೆ ಹೋದ ಮೇಲೆ ಕೆಲವು ಕೆಲಸ ಮಾಡಲಿಲ್ಲ. ಗಂಭೀರ ಘಟನೆಗಳಾದ ಮೇಲೆ, 2023ರ ಡಿಸೆಂಬರಿನಲ್ಲಿ ಬಲವಂತದ ವರ್ಗಾವಣೆಗೆ ತಡೆ ಬಿತ್ತು; ಹಳೆಯ ಜಾಲ ಮುಚ್ಚಲು ಇದ್ದ 2025ರ ಕೊನೆಯ ಗಡುವು 2027ರ ಜನವರಿಗೆ ಹೋಯಿತು. ದೋಷ ತಂತ್ರಜ್ಞಾನದ್ದಲ್ಲ, ಪರೀಕ್ಷೆ ಸಾಲದ್ದು ಎನ್ನುತ್ತಾರೆ ಪರ ವಾದಿಗಳು. ನಿಜ. ಆದರೆ ಹಣ ಕಡಿತಗೊಳಿಸುವಾಗ ಮೊದಲು ಕತ್ತರಿ ಬೀಳುವುದು ಪರೀಕ್ಷೆಗೇ.

ಇನ್ನೊಂದು ಭಯ ಕೇಂದ್ರೀಕರಣದ್ದು. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಶುರುವಾದ, ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ಎಕ್ಸ್‌ಚೇಂಜ್ ಎಸಿ ಇಲ್ಲದೆಯೂ ಬಿಸಿಲು ಧೂಳಿನಲ್ಲಿ ನಡೆಯುವಂತೆ ರೂಪುಗೊಂಡಿತ್ತು. ಕೆಟ್ಟರೂ ಕೆಡುತ್ತಿದ್ದುದು ಆ ಊರಿನದಷ್ಟೇ. ಡೇಟಾ ಸೆಂಟರಿನ ಮೀಡಿಯಾ ಸರ್ವರ್ ಬಿದ್ದರೆ ಇಡೀ ರಾಜ್ಯದ ಮೆನು ಮೂಕವಾಗಬಹುದು. ತಂತ್ರಾಂಶವಾದ್ದರಿಂದ ಎರಡು ನಗರಗಳಲ್ಲಿ ಜೋಡಿಯಾಗಿ ಇಡುವುದು ಸುಲಭ ಎಂಬುದೂ ಅಷ್ಟೇ ಸತ್ಯ.

ಬದಲಾಯಿಸಲೇಬೇಕೆಂಬುದು ನನ್ನ ಮತ, ಒಂದು ಶರತ್ತಿನೊಡನೆ. ಹಳೆಯದೂ ಹೊಸದೂ ಕೆಲ ಕಾಲ ಜೊತೆಯಾಗಿ ಓಡಲಿ, ತುರ್ತು ಸೇವೆಯ ಸಂಖ್ಯೆಗಳು ಕೊನೆಗೆ ವರ್ಗವಾಗಲಿ. ಅಂಕಿ ತಪ್ಪಿ ಕಡಿದುಹೋದ ಕರೆಗಳ ಲೆಕ್ಕ ಹೊಸದರಲ್ಲಿ ಹಳೆಯದಕ್ಕಿಂತ ಹೆಚ್ಚಿರುವ ತನಕ ಇ1 ಕೇಬಲ್ ಕೀಳಬಾರದು.